ಸ್ನಾನದ ಗಾಡಿ ಹೊರಡುವ ಸಮಯ

ಜೂನ್ 2, ಸೋಮವಾರ

ಇವತ್ತಿನಿಂದ ದಿನಚರಿ ಬರೆಯುತ್ತೇನೆ. ಬರೆಯದಿದ್ದರೆ ಯಾರನ್ನಾದರೂ ಕಚ್ಚಿಬಿಡುತ್ತೇನೋ ಎಂಬ ಭಯ.

ಇವರು ಬೆಳಗ್ಗೆ ಹೊರಟರು. ಆರು ವಾರ ತರಬೇತಿ. ಅಗ್ನಿಶಾಮಕ ದಳಕ್ಕೆ ಉದ್ದನೆಯ ಏಣಿ ಇರುವ ಹೊಸ ಗಾಡಿ ಬಂದಿದೆ. ಅದನ್ನು ಓಡಿಸುವುದು, ಏಣಿ ಹತ್ತುವುದು, ಮುಖ್ಯವಾಗಿ ಇಳಿಯುವುದು, ಎಲ್ಲ ಕಲಿಸುತ್ತಾರಂತೆ. ಊರಿನ ಬೆಂಕಿ ಆರಿಸುವ ಮನುಷ್ಯ ಮನೆಯಲ್ಲಿ ಎರಡು ಬೆಂಕಿ ಹಾಗೇ ಬಿಟ್ಟು ಹೋದರು. ದೊಡ್ಡ ಬೆಂಕಿಗೆ ನಾಲ್ಕೂವರೆ ವರ್ಷ. ಯಾರ ಮಾತನ್ನೂ ಕೇಳುವುದಿಲ್ಲ, ಎಲ್ಲರೂ ಅವನ ಮಾತು ಕೇಳಬೇಕು. ಹಾಗಾಗಿ ಮನೆಯಲ್ಲಿ ಅವನ ಹೆಸರು ದೊರೆ. ಚಿಕ್ಕ ಬೆಂಕಿಗೆ ಎರಡು ವರ್ಷ. ಅಣ್ಣ ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗುತ್ತಾಳೆ. ಅವಳು ಬಾಲ.

ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಗೋಡೆಯ ಮೇಲೆ ತಂದೆ ತಾಯಂದಿರಿಗೆ ಸಲಹೆಗಳನ್ನು ಬರೆದು ಅಂಟಿಸಿದ್ದಾರೆ. ಹೋದ ಸಲ ಕೆಮ್ಮಿಗೆ ತೋರಿಸಲು ಹೋದಾಗ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಇವತ್ತು ಒಂದೊಂದಾಗಿ ಪ್ರಯೋಗಿಸಿದೆ.

ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ಮಾತಾಡಬೇಕು. ಬಗ್ಗಿದೆ. ದೊರೆ ನನ್ನ ಮೂಗಿಗೆ ಟೂತ್‌ಪೇಸ್ಟ್ ಹಚ್ಚಿದ.

ಮಗುವಿಗೆ ಎರಡು ಆಯ್ಕೆ ಕೊಡಬೇಕು.

"ಕೆಂಪು ಅಂಗಿನೋ, ನೀಲಿ ಅಂಗಿನೋ? ನೀನೇ ಹೇಳು ಚಿನ್ನ."

"ಅಪ್ಪನ ಅಂಗಿ."

ಅಪ್ಪನ ಅಂಗಿ ಅವನ ಪಾದ ಮುಚ್ಚುತ್ತದೆ. ಅದನ್ನೇ ತೊಟ್ಟು ಹಜಾರದ ತುಂಬ ಓಡಾಡಿದ. ನೆಲ ಒರೆಸುವ ಕೆಲಸವೊಂದು ಉಳಿಯಿತು.

ಕೊನೆಯ ಸಲಹೆ, ಮೂರರವರೆಗೆ ಎಣಿಸಬೇಕು. ಕಣ್ಣು ಕೆಂಪು ಮಾಡಿ "ಒಂದು" ಎಂದೆ. ದೊರೆ ಖುಷಿಯಿಂದ "ಎರಡು, ಮೂರು, ನಾಲ್ಕು" ಎಂದು ಶುರು ಮಾಡಿ ಇಪ್ಪತ್ತರವರೆಗೆ ಎಣಿಸಿ, ಚಪ್ಪಾಳೆಗಾಗಿ ಕಾದು ನಿಂತ. ಬಾಲ ಚಪ್ಪಾಳೆ ತಟ್ಟಿದಳು. ತಲೆ ಚಿಟ್ಟು ಹಿಡಿದು ನಾನು ಕೂಗಿದ ಕೂಗಿಗೆ ಮೇಲಿನ ಮನೆಯವರ ನಾಯಿ ಬೊಗಳಿತು. ಶೂ ಮಾತ್ರ ಯಾರೂ ಹಾಕಿಕೊಳ್ಳಲಿಲ್ಲ. ಇಬ್ಬರನ್ನೂ ಬರಿಗಾಲಿನಲ್ಲೇ ಶಿಶುವಿಹಾರದ ಬಾಗಿಲಿಗೆ ತಲುಪಿಸಿ ಡ್ಯೂಟಿಗೆ ಓಡಿದೆ.

ನನ್ನ ಕೆಲಸವೇ ನನ್ನನ್ನು ಅಣಕಿಸುತ್ತದೆ. ನಾನು ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ಮೊದಲನೇ ಪ್ಲಾಟ್‌ಫಾರಂನ ತುದಿಯಲ್ಲಿ, ಮೆಟ್ಟಿಲ ಮೇಲೆ, ಗಾಜಿನ ಕೋಣೆಯಲ್ಲಿ ನನ್ನ ಮೈಕು. ಇಡೀ ನಿಲ್ದಾಣ ಕಾಣುತ್ತದೆ. ಗಾಡಿ ಎರಡನೇ ಪ್ಲಾಟ್‌ಫಾರಂ ಬದಲು ನಾಲ್ಕಕ್ಕೆ ಬರಲಿದೆ ಎಂದು ಒಂದು ಸಾಲು ಹೇಳಿದರೆ ಸಾಕು. ವಕೀಲರು, ಪೊಲೀಸರು, ಕೋಲೂರಿಕೊಂಡು ಬಂದ ಮುದುಕರು, ಎಲ್ಲರೂ ಗಂಟುಮೂಟೆ ಹೊತ್ತು ಓಡುತ್ತಾರೆ. ಯಾಕೆ ಎಂದು ಒಬ್ಬರೂ ಕೇಳುವುದಿಲ್ಲ. ಸೊಂಟದೆತ್ತರಕ್ಕೂ ಬಾರದ ಇಬ್ಬರ ಕಾಲಿಗೆ ಶೂ ಹಾಕಿಸುವ ಯೋಗ್ಯತೆ ನನಗಿಲ್ಲ.

ಜೂನ್ 4, ಬುಧವಾರ

ಸಹಾಯಕ್ಕೆಂದು ಅತ್ತೆ ಬಂದರು. ಇವರ ತಾಯಿ. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತರಾದವರು. ನಿವೃತ್ತಿ ಹಾಸ್ಟೆಲಿನಿಂದ ಮಾತ್ರ.

ಅವರು ಬಾಗಿಲಲ್ಲಿ ಕಾಲಿಟ್ಟಾಗ ದೊರೆ ಮೇಜಿನ ಕೆಳಗೆ ಕುಳಿತು ಬಾಲಳ ಹೊಟ್ಟೆಯ ಮೇಲೆ ಪೆನ್ನಿನಿಂದ ಮನೆಯ ಚಿತ್ರ ಬರೆಯುತ್ತಿದ್ದ. ಹೊಕ್ಕುಳು ಬಾಗಿಲು. ಬಾಗಿಲು ಬಡಿದು "ಯಾರಿದೀರಾ?" ಎಂದಾಗಲೆಲ್ಲ ಬಾಲ ಬಿದ್ದು ಬಿದ್ದು ನಗುತ್ತಿದ್ದಳು. ನಾನು ಒಲೆಯ ಮೇಲೆ ಉಕ್ಕಿದ ಹಾಲು ಒರೆಸುತ್ತ, ಒಂದು ಕೈಯಲ್ಲಿ ಫೋನು ಹಿಡಿದು ಸ್ಟೇಷನ್ ಮಾಸ್ಟರಿಗೆ ರಜೆಯ ಸುಳ್ಳು ಹೇಳುತ್ತಿದ್ದೆ. ಅತ್ತೆ ಎಲ್ಲವನ್ನೂ ಒಂದು ಸುತ್ತು ನೋಡಿದರು.  

ಊಟವಾದ ಮೇಲೆ ಮಾತು ತೆಗೆದರು.

"ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲಮ್ಮ."

ಹೀಗೆ ಶುರುವಾದ ಮಾತು ಎಲ್ಲಿ ಮುಗಿಯುತ್ತದೆ ಎಂದು ಎಲ್ಲ ಸೊಸೆಯರಿಗೂ ಗೊತ್ತು.

"ದೊಡ್ಡೋನನ್ನ ನನ್ನ ಜೊತೆ ಕಳ್ಸು. ಒಂದು ವರ್ಷ ಇರ್ಲಿ. ನಮ್ಮನೆ ಎದುರಿಗೇ ಶಾಲೆ ಇದೆ. ನಿಂಗೂ ಕೆಲ್ಸ, ಚಿಕ್ಕದು ಬೇರೆ. ಅವನನ್ನ ತಿದ್ದಿ ತೀಡಿ ವಾಪಸ್ ಕೊಡ್ತೀನಿ."

ಇಸ್ತ್ರಿಗೆ ಬಟ್ಟೆ ಕೇಳುವ ಧಾಟಿಯಲ್ಲೇ ಕೇಳಿದರು. ನಾನು ಇವರಿಗೆ ಫೋನು ಮಾಡಿದೆ. ಇವರು ಏಣಿಯ ಮೇಲಿದ್ದರೋ ಏನೋ, ಗಾಳಿಯ ಸದ್ದು.

"ಅಮ್ಮ ಹೇಳೋದ್ರಲ್ಲೂ ಒಂಚೂರು ಅರ್ಥ ಇದೆ ಅಲ್ವೇನೆ? ನೀನೂ ಸ್ವಲ್ಪ ಸುಧಾರಿಸ್ಕೋಬಹುದು. ನಾನು ಬಂದ್ಮೇಲೆ ತೀರ್ಮಾನ ಮಾಡೋಣ."

"ರೀ, ಅವನು ನಮ್ಮ ಮಗ ರೀ. ಕುರ್ಚಿ ಅಲ್ಲ, ಅಲ್ಲಿಟ್ಟು ಇಲ್ಲಿಡೋಕೆ."

"ಹಲೋ? ಕೇಳಿಸ್ತಿಲ್ಲ," ಎಂದರು. ಏಣಿಯ ಮೇಲೆ ಇವರಿಗೆ ಬೇಡದ ಮಾತು ಕೇಳಿಸುವುದಿಲ್ಲವಂತೆ.

ಒಂದು ಮಾತು ಇಲ್ಲಿ ಬರೆದಿಡುತ್ತೇನೆ. ನನ್ನ ಮಗನನ್ನು ನಾನು ಕೊಡುವುದಿಲ್ಲ. ಅವನು ಪುಂಡನೇ ಇರಬಹುದು, ನನ್ನ ಪುಂಡ. ಇವರು ಬರುವುದರೊಳಗೆ ಅವನು ಹೇಳಿದ ಮಾತು ಕೇಳುವ ಹುಡುಗ ಆಗಬೇಕು. ಅತ್ತೆಯ ಬಾಯಿಂದಲೇ "ಇವನು ಇಲ್ಲೇ ಇರ್ಲಿ" ಎಂದು ಬರಬೇಕು. ಹೇಗೆ ಎಂಬುದು ಗೊತ್ತಿಲ್ಲ.

ಜೂನ್ 7, ಶನಿವಾರ

ಒಳ್ಳೆಯ ಕೆಲಸ ಮಾಡಿದಾಗ ನಕ್ಷತ್ರ ಅಂಟಿಸಿ ಪ್ರೋತ್ಸಾಹಿಸಿ ಎಂದು ಶಿಶುವಿಹಾರದ ಮಿಸ್ ಹೇಳಿದರು. ನಕ್ಷತ್ರದ ಹಾಳೆ ತಂದೆ. ನಾನು ಬಟ್ಟೆ ಒಣಗಿಸಿ ಬರುವಷ್ಟರಲ್ಲಿ ಅಷ್ಟೂ ನಕ್ಷತ್ರ ಬಾಲಳ ಮುಖದ ಮೇಲಿದ್ದವು. ಒಂದೇ ಒಂದು ಉಳಿದಿತ್ತು. ಅದನ್ನು ದೊರೆ ಮಲಗಿದ್ದ ಅತ್ತೆಯ ಹಣೆಗೆ ಅಂಟಿಸಿದ್ದ.

"ಅಜ್ಜಿ ಗಲಾಟೆ ಮಾಡದೆ ಮಲ್ಕೊಂಡಿದ್ರು, ಅದಕ್ಕೆ," ಎಂದ.

ನ್ಯಾಯವಾಗಿ ನೋಡಿದರೆ ಅವನು ಹೇಳಿದ್ದು ಸರಿ. ಅತ್ತೆ ಎದ್ದು ಅದೇ ಹಣೆಯಲ್ಲೇ ಅಂಗಡಿಗೆ ಹೋಗಿ ಬಂದರು. ನಾನು ಹೇಳಲಿಲ್ಲ. ಬಂದ ಮೇಲೆ ಕನ್ನಡಿ ನೋಡಿಕೊಂಡು, "ಎಲ್ಲಿ ಆ ಕೋತಿ?" ಎಂದು ಮನೆಯ ತುಂಬ ಅಟ್ಟಿಸಿಕೊಂಡು ಹೋದರು.

ಜೂನ್ 10, ಮಂಗಳವಾರ

ಬರೆಯಲು ಒಂದು ಹಾಳೆ ಸಾಲದು. ಸಂತೋಷಕ್ಕೆ.

ಇವತ್ತು ಎಲ್ಲ ಗಾಡಿಗಳೂ ತಡ. ಹೇಳಿದ್ದನ್ನೇ ಹೇಳಿ ಹೇಳಿ ನಾಲಿಗೆ ಅದೇ ಧಾಟಿಗೆ ಒಗ್ಗಿಹೋಗಿತ್ತು. ಮನೆಗೆ ಬಂದಾಗ ದೊರೆ ಸೋಫಾದ ಬೆನ್ನಿನ ಮೇಲೆ ಕುದುರೆ ಸವಾರಿ ಮಾಡುತ್ತಿದ್ದ. ಅತ್ತೆ ಟವೆಲ್ ಹಿಡಿದು "ಸ್ನಾನಕ್ಕೆ ಬರ್ತೀಯೋ ಇಲ್ವೋ?" ಎನ್ನುತ್ತ ಸೋಫಾವನ್ನು ಸುತ್ತುತ್ತಿದ್ದರು. ನಾನು ಬೈಯಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

"ದಯವಿಟ್ಟು ಗಮನಿಸಿ. ಹಜಾರದಿಂದ ಬಚ್ಚಲುಮನೆಗೆ ಹೋಗುವ ಸ್ನಾನದ ಗಾಡಿಯು ಇನ್ನು ಕೆಲವೇ ನಿಮಿಷಗಳಲ್ಲಿ ಹೊರಡಲಿದೆ. ಪ್ರಯಾಣಿಕರು ತಮ್ಮ ತಮ್ಮ ಟವೆಲ್ಲುಗಳೊಂದಿಗೆ ಸಿದ್ಧರಾಗಿರಬೇಕಾಗಿ ವಿನಂತಿ."

 ದೊರೆ ಸೋಫಾದಿಂದ ಇಳಿದ. ಅಜ್ಜಿಯ ಕೈಯಿಂದ ಟವೆಲ್ ತೆಗೆದುಕೊಂಡ. ಬಚ್ಚಲುಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತ. ಅವನ ಅಂಗಿಯ ತುದಿ ಹಿಡಿದುಕೊಂಡು ಬಾಲ ನಿಂತಳು.

"ಕಿಟಕಿ ಪಕ್ಕದ ಸೀಟು ನಂದು," ಎಂದ ದೊರೆ.

ಬಚ್ಚಲುಮನೆಗೆ ಕಿಟಕಿಯೇ ಇಲ್ಲ. ಆದರೂ ಕೊಟ್ಟೆ. ತಲೆಗೆ ನೀರು ಹೊಯ್ದಾಗ ಪಿಟ್ಟೆನ್ನಲಿಲ್ಲ. ಸುರಂಗ ಬಂತು, ಕಣ್ಣು ಮುಚ್ಚಿ ಎಂದೆ. ಇಬ್ಬರೂ ಕಣ್ಣು ಮುಚ್ಚಿದರು. ಈ ಮನೆಯಲ್ಲಿ ಶಾಂಪೂ ಕಣ್ಣಿಗೆ ಹೋಗದೆ ಸ್ನಾನ ಮುಗಿದದ್ದು ಇದೇ ಮೊದಲು.

ಜೂನ್ 13, ಶುಕ್ರವಾರ

ಎಲ್ಲದಕ್ಕೂ ನಡೆಯುತ್ತದೆ! ಎಲ್ಲದಕ್ಕೂ!

"ಅಡುಗೆಮನೆಯಿಂದ ಹೊರಟಿರುವ ಊಟದ ಗಾಡಿಯು ಮೇಜಿನ ಮೊದಲನೇ ಪ್ಲಾಟ್‌ಫಾರಂಗೆ ಆಗಮಿಸುತ್ತಿದೆ. ಕ್ಯಾರೆಟ್ಟುಗಳನ್ನು ತಟ್ಟೆಯಲ್ಲೇ ಬಿಟ್ಟು ಇಳಿಯುವುದನ್ನು ನಿಷೇಧಿಸಲಾಗಿದೆ." ಕ್ಯಾರೆಟ್ ಹೊಟ್ಟೆಗೆ ಹೋಯಿತು.

"ಆಟಿಕೆಗಳು ಹಳಿಯ ಮೇಲೆ ಬಿದ್ದಿರುವುದರಿಂದ ನಿದ್ದೆಯ ಗಾಡಿಯು ಮುಂದೆ ಚಲಿಸುತ್ತಿಲ್ಲ. ಸಂಬಂಧಪಟ್ಟವರು ಕೂಡಲೇ ತೆರವುಗೊಳಿಸಬೇಕು." ಸಂಬಂಧಪಟ್ಟವರು ತೆರವುಗೊಳಿಸಿದರು.

ಯಾಕೆ ನಡೆಯುತ್ತದೆ ಎಂದು ಯೋಚಿಸಿದೆ. ಮುಂದೇನಾಗುತ್ತದೆ ಎಂದು ಮಕ್ಕಳಿಗೆ ಮೊದಲೇ ತಿಳಿಸಬೇಕು, ಆಟದ ಮಧ್ಯೆ ತಟಕ್ಕನೆ ಎಬ್ಬಿಸಬಾರದು ಎಂದು ಡಾಕ್ಟರ ಗೋಡೆಯಲ್ಲೂ ಇತ್ತು. ನಾನು ಅದನ್ನು ಓದಿ ಮರೆತಿದ್ದೆ. "ಇನ್ನು ಕೆಲವೇ ನಿಮಿಷಗಳಲ್ಲಿ" ಎನ್ನುವುದರಲ್ಲಿ ಇಷ್ಟು ಶಕ್ತಿಯಿದೆಯೆಂದು ಹತ್ತು ವರ್ಷ ಅದನ್ನೇ ಹೇಳಿದ ನನಗೆ ತಿಳಿದಿರಲಿಲ್ಲ. ಜೊತೆಗೆ, ಬೈದರೆ ಅವನು ವಾದಿಸುತ್ತಾನೆ. ಪ್ರಕಟಣೆಯೊಡನೆ ವಾದಿಸಲು ಬರುವುದಿಲ್ಲ.

ಬಾಲ ಒಂದು ಹೊಸ ಮಾತು ಕಲಿತಿದ್ದಾಳೆ. "ಮನಿಸಿ." ನೀರು ಬೇಕಾದರೆ ಮನಿಸಿ. ಎತ್ತಿಕೊಳ್ಳಬೇಕಾದರೆ ಮನಿಸಿ. ಚಡ್ಡಿ ಒದ್ದೆಯಾದರೂ ಮನಿಸಿ, ಅದಂತೂ ಆದ ಮೇಲೆ.

ಅತ್ತೆಗೆ ನಂಬಿಕೆ ಬರುತ್ತಿಲ್ಲ. "ಇದೆಲ್ಲ ನಾಲ್ಕು ದಿನದ ಆಟ," ಎಂದರು. ಆದರೆ ಅವರು ಟಿವಿ ಜೋರಾಗಿ ಇಟ್ಟಿದ್ದಾಗ ನಾನು ಅಡುಗೆಮನೆಯಿಂದಲೇ, "ಹಿರಿಯ ನಾಗರಿಕರು ದಯವಿಟ್ಟು ಧ್ವನಿಯನ್ನು ತಗ್ಗಿಸಿ ಸಹಕರಿಸಬೇಕು," ಎಂದು ಹೇಳಿ ನೋಡಿದೆ. ತಕ್ಷಣ ತಗ್ಗಿಸಿದರು. ಆಮೇಲೆ ರಿಮೋಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮತ್ತೆ ಜೋರು ಮಾಡಿದರು. ಅಷ್ಟು ಹೊತ್ತಿಗೆ ನಾನು ಗೆದ್ದಾಗಿತ್ತು.

ಜೂನ್ 18, ಬುಧವಾರ

ಇವತ್ತು ನಿಲ್ದಾಣದಲ್ಲಿ ಸ್ವಲ್ಪ ಎಡವಟ್ಟಾಯಿತು.

ಮಧ್ಯಾಹ್ನದ ಗಾಡಿ ಬರುವ ಹೊತ್ತು. ಗುಂಡಿ ಒತ್ತಿ ಶುರು ಮಾಡಿದೆ. "ದಯವಿಟ್ಟು ಗಮನಿಸಿ. ಎರಡನೇ ಪ್ಲಾಟ್‌ಫಾರಂನಲ್ಲಿರುವ ಪ್ರಯಾಣಿಕರು," ಎಂಬಲ್ಲಿವರೆಗೆ ಸರಿಯಾಗಿತ್ತು. ಮುಂದೆ ನಾಲಿಗೆ ತನ್ನ ಪಾಡಿಗೆ ಮನೆಯ ದಾರಿ ಹಿಡಿಯಿತು. "ಎರಡೂ ಕೈಗಳನ್ನು ಸೋಪು ಹಚ್ಚಿ ತೊಳೆದುಕೊಂಡು ಬರಬೇಕಾಗಿ ವಿನಂತಿ. ಉಗುರಿನ ಸಂದಿಗಳನ್ನು ಮರೆಯಬಾರದು."

ಗಾಜಿನಿಂದ ನೋಡುತ್ತಿದ್ದಂತೆ ಎರಡನೇ ಪ್ಲಾಟ್‌ಫಾರಂ ಪೂರ್ತಿ ಎದ್ದು ನಲ್ಲಿಯ ಕಡೆಗೆ ನಡೆಯಿತು. ಸಾಲು ನಿಂತರು. ಕೋಟು ತೊಟ್ಟ ಒಬ್ಬರು ಸೋಪಿಲ್ಲವೆಂದು ಟೀ ಅಂಗಡಿಯವನ ಜೊತೆ ಜಗಳ ತೆಗೆದರು. ಮೂರನೇ ಪ್ಲಾಟ್‌ಫಾರಂನವರು, ನಮಗ್ಯಾಕೆ ಹೇಳಲಿಲ್ಲ, ನಾವೇನು ಕೊಳಕರೇ ಎಂದು ವಿಚಾರಣಾ ಕೌಂಟರಿಗೆ ಹೋಗಿ ಕೇಳಿದರಂತೆ.

ಸ್ಟೇಷನ್ ಮಾಸ್ಟರ್ ಮೆಟ್ಟಿಲು ಹತ್ತಿ ಬಂದರು. ಮುಖ ಗಂಭೀರವಾಗಿತ್ತು.

"ಏನ್ರೀ ಇದು? ಮೇಲಿನಿಂದ ಏನಾದ್ರೂ ಆದೇಶ ಬಂದಿದ್ಯಾ?"

"ಇಲ್ಲ ಸಾರ್. ಬಾಯಿ ತಪ್ಪಿ ಬಂತು. ಮನೇಲಿ ಮಕ್ಕಳಿಗೆ ಹೇಳಿ ಹೇಳಿ..."

ಅವರ ಕೈ ಇನ್ನೂ ಒದ್ದೆಯಾಗಿತ್ತು. ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ, "ನಂಗೂ ಮೊದಲೇ ಹೇಳಬಾರದಿತ್ತಾ, ಕಚೇರಿಯಿಂದ ನಲ್ಲೀವರೆಗೆ ಓಡಿದೆ," ಎಂದು ಹೇಳಿ ಇಳಿದು ಹೋದರು.

ಜೂನ್ 21, ಶನಿವಾರ

ಮನೆಯಲ್ಲಿ ಪ್ರಯಾಣಿಕರೂ ಚುರುಕಾಗಿದ್ದಾರೆ. ದೊರೆ ಇಂದು ಬಂದು, "ತಿಂಡಿ ಗಾಡಿ ಯಾಕೆ ತಡ? ವಿಚಾರಣೆ ಎಲ್ಲಿ?" ಎಂದು ಕೇಳಿದ. ತಾಂತ್ರಿಕ ಕಾರಣಗಳಿಂದಾಗಿ ತಡವಾಗುತ್ತಿದೆ, ತಮಗಾದ ಅಡಚಣೆಗೆ ವಿಷಾದಿಸುತ್ತೇವೆ ಎಂದೆ. ಒಪ್ಪಿಕೊಂಡು ಹೋದ. ಇವನ ಅಪ್ಪ ಇಷ್ಟು ಸುಲಭವಾಗಿ ಯಾವತ್ತೂ ಒಪ್ಪಿಲ್ಲ.

ಒಂದು ವಾರಕ್ಕೂ ಮೇಲಾಯಿತು, ನಾನು ಕೂಗಿಲ್ಲ, ಬೈದಿಲ್ಲ. ಮೇಲಿನ ಮನೆಯ ನಾಯಿ ದಪ್ಪಗಾಗುತ್ತಿದೆ.

ಅತ್ತೆಯ ಹತ್ತಿರ ಮಾತ್ರ ದೊರೆ ಇನ್ನೂ ಹಳೆಯ ದೊರೆಯೇ. ಅವರ ಕನ್ನಡಕ ಬಚ್ಚಿಡುತ್ತಾನೆ, ಚಪ್ಪಲಿ ಅದಲುಬದಲು ಮಾಡುತ್ತಾನೆ, ಅವರು ಬೈಯುವವರೆಗೂ ಎದುರಿಗೇ ನಿಂತು ಕಾಯುತ್ತಾನೆ. ಹಾಸ್ಟೆಲ್ ನಡೆಸಿದವರಿಗೆ ಒಂದು ಮಗುವನ್ನು ನಡೆಸಲು ಬರುತ್ತಿಲ್ಲ. ನನಗೆ ಒಳಗೊಳಗೇ ಖುಷಿ.

ಜೂನ್ 26, ಗುರುವಾರ

ಸ್ನಾನ ಸಮಯಕ್ಕೆ ಸರಿಯಾಗಿ ಆಯಿತು. ಊಟ ಸಮಯಕ್ಕೆ ಸರಿಯಾಗಿ ಆಯಿತು. ಶೂಗಳನ್ನು ಧರಿಸಲಾಯಿತು.

ದೊರೆ ಬೆಳಗ್ಗೆ ಬಂದು ನನ್ನ ಹೊಟ್ಟೆಯ ಮೇಲೆ ಕುಳಿತು ಕನಸು ಹೇಳುವ ಅಭ್ಯಾಸವನ್ನೂ ಬಿಟ್ಟಿದ್ದಾನೆ. ಈಗ ತನ್ನ ಹಾಸಿಗೆಯಲ್ಲೇ ಎದ್ದು ಕುಳಿತು ಪ್ರಕಟಣೆಗೆ ಕಾಯುತ್ತಾನೆ. ಒಳ್ಳೆಯದೇ ಆಯಿತು, ನನಗೆ ಅರ್ಧ ಗಂಟೆ ಹೆಚ್ಚು ನಿದ್ದೆ.

ಇವರು ಫೋನು ಮಾಡಿದ್ದರು. "ಏನೇ, ಒಂಥರಾ ಮಾತಾಡ್ತಿದೀಯಲ್ಲ?" ಎಂದರು. ಸಂಪರ್ಕದಲ್ಲಿ ದೋಷವಿರಬಹುದು ಎಂದು ತಿಳಿಸಿದೆ.

ಜುಲೈ 1, ಮಂಗಳವಾರ

ಎಲ್ಲವೂ ನಿಗದಿತ ಸಮಯಕ್ಕೆ ನಡೆದಿದೆ. ದೂರುಗಳಿಲ್ಲ.

ಜುಲೈ 4, ಶುಕ್ರವಾರ

ಸಂಜೆ ದೊರೆ ಹೊರಗೆ ಆಡುವಾಗ ಬಿದ್ದು ಮೊಣಕಾಲು ತರಚಿಕೊಂಡ. ಮೊದಲಾಗಿದ್ದರೆ ಬೀದಿಯ ಆ ತುದಿಯಿಂದಲೇ ಊರು ಒಂದು ಮಾಡುತ್ತಿದ್ದ. ಇವತ್ತು ಕುಂಟುತ್ತ ಒಳಗೆ ಬಂದು ನನ್ನ ಮುಂದೆ ನಿಂತ. ಕಣ್ಣು ತುಂಬಿತ್ತು, ಆದರೆ ಅಳಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಗಾಯಗೊಂಡ ಪ್ರಯಾಣಿಕರು ಪ್ರಥಮ ಚಿಕಿತ್ಸೆಗಾಗಿ ಬಚ್ಚಲುಮನೆಯ ಪಕ್ಕದ ಕಪಾಟನ್ನು ಸಂಪರ್ಕಿಸಬೇಕು," ಎಂದೆ.

ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ತಾನೇ ಹೋಗಿ ಕಪಾಟು ತೆರೆದು ಹತ್ತಿ ತೆಗೆದುಕೊಂಡ. ನಾಲ್ಕೂವರೆ ವರ್ಷದ ಮಗು! ಹೆಮ್ಮೆಯಿಂದ ಎದೆ ಉಬ್ಬಿತು.

ಅಷ್ಟರಲ್ಲಿ ಅತ್ತೆ ಬಂದು ಎಲ್ಲ ಕೆಡಿಸಿದರು. ಅವನನ್ನು ಬಾಚಿ ತೊಡೆಯ ಮೇಲೆ ಹಾಕಿಕೊಂಡು, "ಕಣ್ಣು ಎಲ್ಲಿಟ್ಟಿದ್ಯೋ ಕೋತಿ? ಮಂಡಿ ನೋಡು, ಸಿಪ್ಪೆ ಸುಲಿದಿರೋ ಆಲೂಗಡ್ಡೆ! ಇನ್ನೊಂದ್ಸಲ ಓಡು, ಕಾಲು ಕಟ್ಟಿ ಕೂರಿಸ್ತೀನಿ," ಎಂದು ಬೈದರು. ಅವನು ಆಗ ಬಾಯಿ ಬಿಟ್ಟು ಅತ್ತ. ಎಷ್ಟು ಅತ್ತನೆಂದರೆ ಅತ್ತೆಯ ಬಟ್ಟೆ ಒದ್ದೆಯಾಯಿತು. ಆಮೇಲೆ ಆಲೂಗಡ್ಡೆ ಎಂದು ನೆನೆಸಿಕೊಂಡು ನಕ್ಕ.

ನೊಂದ ಮಗುವನ್ನು ಬೈಯಬಾರದು ಎಂದು ಡಾಕ್ಟರ ಗೋಡೆಯಲ್ಲಿದೆ. ಅತ್ತೆಯದು ಹಳೆಯ ಪದ್ಧತಿ. 

ಜುಲೈ 8, ಮಂಗಳವಾರ

ಗೆದ್ದೆ.

ಅತ್ತೆ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ತಲೆ ಎತ್ತದೆ ಹೇಳಿದರು. "ಒಪ್ಕೊಂಡೆ ಕಣಮ್ಮ. ನಾನು ಅಷ್ಟು ವರ್ಷ ವಾರ್ಡನ್ ಆಗಿದ್ರೂ ಹಿಂಗೆ ಯಾರೂ ಮಾತು ಕೇಳ್ಲಿಲ್ಲ. ಇವನು ಇಲ್ಲೇ ಇರ್ಲಿ. ನಾನೊಬ್ಳೇ ಹೋಗ್ತೀನಿ. ಶನಿವಾರ ಹೊರಡ್ತೀನಿ, ಭಾನುವಾರ ನನ್ನ ಮಗ ಬರ್ತಾನಲ್ಲ."

ನಾನು ನಿರೀಕ್ಷಿಸಿದ ಮಾತು ಅಕ್ಷರಶಃ ಬಂತು. ಇವರಿಗೆ ಫೋನು ಮಾಡಿ ತಿಳಿಸಲಾಯಿತು. ಇವರು ಏಣಿಯ ಮೇಲಿಂದಲೇ ಸಂತೋಷ ವ್ಯಕ್ತಪಡಿಸಿದರು.

ಜುಲೈ 11, ಶುಕ್ರವಾರ

ಇವತ್ತಿನದನ್ನು ನೆಟ್ಟಗೆ ಬರೆಯಲು ಆಗುತ್ತದೋ ಇಲ್ಲವೋ.

ಸಂಜೆ ಅತ್ತೆ ಹಾಸಿಗೆಯ ಮೇಲೆ ಪೆಟ್ಟಿಗೆ ತೆರೆದಿಟ್ಟುಕೊಂಡು ಬಟ್ಟೆ ಮಡಚುತ್ತಿದ್ದರು. ನಾನು ಬಾಲಳ ತಲೆ ಬಾಚುತ್ತಿದ್ದೆ. ದೊರೆ ಬಂದ. ಬೆನ್ನಿಗೆ ಶಿಶುವಿಹಾರದ ಚೀಲ. ಅದನ್ನು ಇಳಿಸಿ ಅಜ್ಜಿಯ ಪೆಟ್ಟಿಗೆಯ ಪಕ್ಕದಲ್ಲಿಟ್ಟ. ಜಿಪ್ಪು ಹಾಕಿರಲಿಲ್ಲ. ಒಳಗೆ ಒಂದು ಸಾಕ್ಸು, ಹಲ್ಲುಜ್ಜುವ ಬ್ರಷ್ಷು, ಅಡುಗೆಮನೆಯ ದೊಡ್ಡ ಸೌಟು, ಅರ್ಧ ಬಾಳೆಹಣ್ಣು.

"ನಾನೂ ಅಜ್ಜಿ ಜೊತೆ ಹೋಗ್ತೀನಿ," ಎಂದ.

ಅತ್ತೆ ಬೆಚ್ಚಿಬಿದ್ದರು. "ನಾನು ಕರೆದಿಲ್ಲಮ್ಮ! ನಿನ್ನಾಣೆ, ನಾನು ಒಂದು ಮಾತೂ ಆಡಿಲ್ಲ."

ಅವರು ಸುಳ್ಳು ಹೇಳುವವರಲ್ಲ. ನಾನು ಬಾಚಣಿಗೆ ಕೆಳಗಿಟ್ಟು, ಗಂಟಲು ಸರಿ ಮಾಡಿಕೊಂಡೆ.

"ದಯವಿಟ್ಟು ಗಮನಿಸಿ. ಅಜ್ಜಿಯ ಊರಿಗೆ ಹೋಗುವ ಗಾಡಿಯಲ್ಲಿ ಮಕ್ಕಳಿಗೆ ಸ್ಥಳಾವಕಾಶ ಇರುವುದಿಲ್ಲ. ಚಿಕ್ಕ ಪ್ರಯಾಣಿಕರು ತಮ್ಮ ಸಾಮಾನುಗಳನ್ನು..."

ದೊರೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಕಣ್ಣನ್ನೂ ಮುಚ್ಚಿಕೊಂಡ. ಇದುವರೆಗೆ ಒಂದು ಸಲವೂ ಹಾಗೆ ಮಾಡಿರಲಿಲ್ಲ. ನಾನು ಅರ್ಧಕ್ಕೇ ನಿಲ್ಲಿಸಿದೆ.  ಅವನು ಒಂದು ಕಣ್ಣು ತೆರೆದು, ನಾನು ಮುಗಿಸಿದೆನೋ ಎಂದು ನೋಡಿದ.

"ಯಾಕೋ ಹೋಗ್ತೀಯ?" ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು, ಸಣ್ಣಗೆ, ಒಡೆದು.

"ಅಜ್ಜಿ ಬೈತಾರೆ."

"ಬೈದ್ರೆ ಯಾರಾದ್ರೂ ಜೊತೆಗೆ ಹೋಗ್ತಾರೇನೋ?"

"ಅಜ್ಜಿ ನಂಗೇ ಬೈತಾರೆ," ಎಂದ ದೊರೆ. ಇಷ್ಟು ಸುಲಭದ ವಿಷಯ ನನಗೆ ತಿಳಿಯದ್ದಕ್ಕೆ ಅವನಿಗೆ ಬೇಸರವಾದಂತಿತ್ತು. "ನೀನು ಪ್ರಯಾಣಿಕರಿಗೆ ಹೇಳ್ತೀಯ."

ಅತ್ತೆ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದರು.  ಇಷ್ಟು ದಿನ ನಾನು ಯಾರ ಜೊತೆ ಮಾತಾಡುತ್ತಿದ್ದೆ? ಈ ಮಗುವನ್ನು ಉಳಿಸಿಕೊಳ್ಳಬೇಕೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಅದೇ ಮಗು ಬಾಳೆಹಣ್ಣು ಕಟ್ಟಿಕೊಂಡು ಹೊರಟು ನಿಂತಿದೆ. ನನಗೆ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ಎಷ್ಟೋ ದಿನಗಳ ಸಿಟ್ಟು, ಒಂದೇ ಸಲ.

"ಏಯ್!" ಎಂದೆ.

ದೊರೆ ಕಿವಿಯಿಂದ ಕೈ ತೆಗೆದ.

"ಏಯ್ ಕಪಿ! ಚೀಲ ಹೊತ್ಕೊಂಡು ಹೊರಟುಬಿಟ್ಟ ದೊಡ್ಡ ಮನುಷ್ಯ! ಒಂದು ಸಾಕ್ಸ್ ಇಟ್ಕೊಂಡು ಯಾವ ಊರಿಗೋ ಹೋಗೋದು ನೀನು? ಇನ್ನೊಂದು ಕಾಲು ಇಲ್ಲೇ ಬಿಟ್ಟು ಹೋಗ್ತೀಯಾ? ಸೌಟು ಯಾಕೋ ಕದ್ದೆ, ಕಳ್ಳ? ನಾಳೆ ಸಾರು ಕೈಯಲ್ಲಿ ಬಡಿಸ್ಲಾ? ನನ್ನ ಕೇಳ್ದೆ ಬಾಗಿಲು ದಾಟು ನೋಡೋಣ, ಕಿವಿ ಹಿಂಡಿ ತಂದು ಇಲ್ಲೇ ಕೂರಿಸ್ತೀನಿ! ನಂಗೆ ಹೇಳ್ದೆ ಕೇಳ್ದೆ ಬಟ್ಟೆ ಕಟ್ತಾನಂತೆ! ಯಾರೋ ನಿಂಗೆ ಹೋಗು ಅಂದಿದ್ದು? ಯಾರು ಅಂದಿದ್ದು?"

ಮೇಲಿನ ಮನೆಯ ನಾಯಿ ಬೊಗಳತೊಡಗಿತು. ಬಾಲ ಸಂಭ್ರಮದಿಂದ "ಮನಿಸಿ! ಮನಿಸಿ!" ಎಂದು ಹಾಸಿಗೆಯ ಮೇಲೆ ಕುಣಿದಳು. ಅತ್ತೆ, "ನಿಧಾನ ಕಣಮ್ಮ, ಗಂಟಲು," ಎಂದರು. ಮೂಗು ಒರೆಸಿಕೊಳ್ಳಲೂ ಬಿಡುವಿಲ್ಲದೆ ನಾನು ಬೈಯುತ್ತಲೇ ಇದ್ದೆ. ಅವನ ಹುಟ್ಟುಹೆಸರು ಹಿಡಿದು ಬೈದೆ, ಮುದ್ದಿನ ಹೆಸರು ಹಿಡಿದು ಬೈದೆ, ಅವರಪ್ಪನನ್ನು ಸೇರಿಸಿ ಬೈದೆ.

ದೊರೆ ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ನನ್ನ ಮಡಿಲಿಗೆ ಹತ್ತಿ, ಬಾಲಳನ್ನು ಆಚೆ ತಳ್ಳಿ, ಪೂರ್ತಿ ಜಾಗ ಹಿಡಿದು ಕುಳಿತ. ಮುಖ ತುಂಬ ನಗು. ಉಸಿರು ತೆಗೆದುಕೊಳ್ಳಲು ನಾನು ಒಂದು ಗಳಿಗೆ ನಿಲ್ಲಿಸಿದಾಗ ತಲೆಯೆತ್ತಿ ನೋಡಿದ.

"ಇನ್ನೊಂಚೂರು ಬೈಯಮ್ಮ."

ಬೈದೆ. ದೀಪ ಹಚ್ಚುವ ಹೊತ್ತಿನವರೆಗೂ ಬೈದೆ. ಈಗ ಗಂಟಲು ಪೂರ್ತಿ ಕಟ್ಟಿಹೋಗಿದೆ, ಪಿಸುಮಾತೂ ಹೊರಡುತ್ತಿಲ್ಲ. ನಾಳೆ ನಿಲ್ದಾಣದಲ್ಲಿ ಪ್ರಯಾಣಿಕರು ತಮ್ಮ ಗಾಡಿ ತಾವೇ ಹುಡುಕಿಕೊಳ್ಳಲಿ.